ಹಲಗೆಯಡಿಯ ತಂತಿ

ಕಡಲಂಚಿನ ಹೊಳೆ ದಾಟಿಸುವ ಕಡವಿನ ದೋಣಿ ರಿಪೇರಿಯವನ ಕೈಗೆ ಸಿಕ್ಕ ಅಲ್ಯೂಮಿನಿಯಂ ದೋಣಿಗೆ ಅಷ್ಟು ಸುಲಭಕ್ಕೆ ಬಿಡುಗಡೆಯಿಲ್ಲ. ತಳಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಯಿಟ್ಟು, ಕೆಟ್ಟ ಸುದ್ದಿ ಹೇಳಲಿರುವ ಡಾಕ್ಟರನಂತೆ ಹುಬ್ಬು ಗಂಟಿಕ್ಕುತ್ತಾನೆ. ಅದರ ಬೂದುಮೈಯನ್ನು ಯಾರಾದರೂ ಉಜ್ಜಿ ಹೊಳೆಸಿದ್ದರೆ ಮುಗಿಯಿತು: “ಆ ಮಬ್ಬು ಪೊರೆಯೇ ಅದಕ್ಕೆ ಕವಚ. ಅದನ್ನೇ ಕೆರೆದು ಹಾಕಿದ್ದೀಯಲ್ಲೋ ಮಾರಾಯ!” ಪ್ರಯಾಣಿಕರ ಜೇಬನ್ನೂ ಬಿಡುವವನಲ್ಲ, ತಾಮ್ರದ ಚೂರು ಕಂಡರೆ ಹಾವು ಕಂಡವನಂತೆ ಹೌಹಾರುತ್ತಾನೆ. ಇವತ್ತು ಮೊದಲ ಸಲ ದೋಣಿ ನಡೆಸಲು ಹೊರಟವಳು ಅವನ ತಮ್ಮನ ಮಗಳು. ದಡದಲ್ಲಿ ಜನ ಗೊಣಗುತ್ತಿದ್ದಾರೆ, ಇವನು ಮೂರನೆಯ ಸಲ ದೋಣಿಯೊಳಗಿನ ಕಾಲಡಿಯ ಹಲಗೆ ಎತ್ತಿ ಮಂಡಿಯೂರಿ ತಡಕುತ್ತಿದ್ದಾನೆ. “ಸಾಕು ಬಿಡಿ ದೊಡ್ಡಪ್ಪಾ. ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ ಅಂತ ಎಲ್ಲರಿಗೂ ಗೊತ್ತು.” “ತುಕ್ಕು ಹಿಡಿಯಲ್ಲಮ್ಮ, ತೂತು ಬೀಳುತ್ತೆ. ಉಪ್ಪುನೀರಲ್ಲಿ ತಾಮ್ರ ಅದಕ್ಕೆ ತಾಗಿಕೊಂಡು ಕೂತರೆ ಸಾಕು, ಸದ್ದಿಲ್ಲದೆ ತಿಂದುಹಾಕುತ್ತೆ.” “ಕಣ್ಣಾರೆ ಕಂಡ ಹಾಗೆ ಹೇಳ್ತೀರಪ್ಪ!” ಎಂದು ಅವಳು ನಕ್ಕಳು. ಅವನು ತನ್ನ ಶೆಡ್ಡಿನ ಕಡೆ ನೋಡಿದ. ಅಲ್ಲಿ ಸಲಕರಣೆ ಪೆಟ್ಟಿಗೆಯ ತಳದಲ್ಲಿ ಹಸಿರುಗಟ್ಟಿದ ತಾಮ್ರದ ತಂತಿಯ ತುಂಡೊಂದಿದೆ. ಅವಳ ಅಪ್ಪನೊಂದಿಗೆ ಮುಳುಗಿದ ದೋಣಿಯನ್ನು ಮೇಲೆತ್ತಿದಾಗ ಹಲಗೆಯಡಿ ಸಿಕ್ಕಿದ್ದು. ದೀಪ ಜೋಡಿಸುವಾಗ ಅದನ್ನು ಕತ್ತರಿಸಿ, ಎತ್ತಿಡಲು ಮರೆತವನು ತಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ.