ರಾಮಕ್ಕನ ಮಂಚಕ್ಕೆ ಕಟ್ಟಿದ ಮೋಟರು

ಕಂಬೈನಲ್ಲೂರಿನಿಂದ ಎರಡು ಬಸ್ಸು ಬದಲಿಸಿ ತಂಗಿಯನ್ನು ನೋಡಲು ಬಂದ ದೊಡ್ಡಣ್ಣ, ಬಾಗಿಲು ತಟ್ಟಿ ತಟ್ಟಿ ಸಾಕಾಗಿ, ಮಾವಿನಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು ಹಿಂದಿರುಗಿದ್ದ. ತಂಗಿ ರಾಮಕ್ಕ ಒಳಗೇ ಇದ್ದಳು. ಕೋತಿಗಳ ಕಾಟಕ್ಕೆ ಚಿಲಕ ಹಾಕಿಕೊಂಡಿದ್ದಳು. ಎರಡು ವರ್ಷದಿಂದ ಕಿವಿ ಕೇಳಿಸುತ್ತಿರಲಿಲ್ಲ. ಸಂಜೆ ಕುರಿ ಹೊಡೆದುಕೊಂಡು ಬಂದ ಸೊಸೆ ಶಶಿರೇಖಾ ಚೀಲ ನೋಡಿ ದೊಡ್ಡಣ್ಣನಿಗೆ ಫೋನ್ ಮಾಡಿದ ಮೇಲೆಯೇ ವಿಷಯ ತಿಳಿದದ್ದು.

"ನಮ್ಮಣ್ಣ ಬಾಗ್ಲಾಗೆ ನಿಂತು ವಾಪಸ್ ಓದ. ನಾನು ಗೋಡೆ ಅಂಗೆ ಕುಂತಿದ್ದೆ," ಅಂದ ರಾಮಕ್ಕ ಆವತ್ತು ಊಟ ಮುಟ್ಟಲಿಲ್ಲ.

ಹಿಂದೊಮ್ಮೆ ಶಶಿರೇಖಾ, ಹೊರಗೆ ಒತ್ತಿದರೆ ಒಳಗೆ ದೀಪ ಹತ್ತುವ ಬಾಗಿಲ ಬೆಲ್ ಒಂದನ್ನು ತಂದಿದ್ದಳು. ಮೂರೇ ತಿಂಗಳಿಗೆ ಅದು ಕೆಟ್ಟಿತು. ಅಂಟು ಹಾಕಿ ಮುಚ್ಚಿದ್ದರಿಂದ ಬಿಚ್ಚಲೂ ಬರಲಿಲ್ಲ. ಊರ ಹಿಂದಿನ ಗುಂಡಿಗೆ ಎಸೆದದ್ದು ಪ್ಲಾಸ್ಟಿಕ್ಕಿನ ಜೊತೆ ಸುಟ್ಟು ಕಪ್ಪು ಹೊಗೆಯಾಯಿತು. ಅದರ ಅಂಚಿನಲ್ಲೇ ಅವಳ ಕುರಿಗಳು ಮೇಯುತ್ತಿದ್ದವು.

"ಇನ್ನೊಂದು ತಂದು ಅದೇ ಗುಂಡಿಗೆ ಆಕಾಕೆ ನನ್ ಕೈಲಿ ಆಗಾಕಿಲ್ಲ," ಎಂದು ಗಂಡ ಮಹದೇವನಿಗೆ ಹೇಳಿದಳು. "ನಾನೇ ಮಾಡ್ತೀನಿ. ಬಿಸಾಕಿದ ಸಾಮಾನಲ್ಲೇ ಮಾಡ್ತೀನಿ."

ನಂಗವಳ್ಳಿಯಲ್ಲಿ ಟಿವಿ ರಿಪೇರಿ ಮಾಡುವ ಪ್ರಭಾಕರನ್ ಇದನ್ನು ಕೇಳಿ ನಕ್ಕ. "ಪುದುಸು ವಾಂಗಿಡುಂಗಮ್ಮಾ," ಎಂದು ತಮಿಳಿನಲ್ಲಿ ಹೊಸದನ್ನೇ ಕೊಳ್ಳಲು ಹೇಳಿದ.

"ವೇಂಡಾಂ ಅಣ್ಣಾ. ಕತ್ತುಕುಡುಂಗ." ಬೇಡ, ಕಲಿಸಿಕೊಡಿ ಎಂದು ಅವಳು ಅಂಗಡಿ ಮುಂದಿನ ಸ್ಟೂಲಿನಿಂದ ಏಳಲೇ ಇಲ್ಲ.

ಅಂದಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಮಹದೇವ ಕುರಿ ಕಾಯುತ್ತಿದ್ದ, ಅವಳು ಪ್ರಭಾಕರನ್‌ನ ಗುಜರಿ ಡಬ್ಬಿ ಕೆದಕುತ್ತಿದ್ದಳು. ಮೊದಲ ಎಲ್‌ಇಡಿಯನ್ನು ನೇರವಾಗಿ ಬ್ಯಾಟರಿಗೆ ತಾಗಿಸಿದಳು. ಒಮ್ಮೆ ಮಿಂಚಿ ಸತ್ತುಹೋಯಿತು. ಕರೆಂಟಿಗೆ ಕಡಿವಾಣ ಹಾಕುವ, ಮೈತುಂಬ ಬಣ್ಣದ ಪಟ್ಟೆಗಳ ರೆಸಿಸ್ಟರನ್ನು ಅವನು ತೋರಿಸಿದ. ಬೆನ್ನಿನ ಬಣ್ಣದ ಗುರುತು ನೋಡಿ ಯಾರ ಕುರಿಯೆಂದು ದೂರದಿಂದಲೇ ಹೇಳುವವಳಿಗೆ ಪಟ್ಟೆಗಳ ಲೆಕ್ಕ ಎರಡು ವಾರದಲ್ಲಿ ಬಾಯಿಗೆ ಬಂತು. ಬೆಸುಗೆ ಮಾತ್ರ ಬೇಗ ಒಲಿಯಲಿಲ್ಲ. ಕರಗಿದ ಸೀಸ ಗುಂಡಗಾಗಿ ಉರುಳಿ ಬೀಳುತ್ತಿತ್ತು. ಹೆಬ್ಬೆರಳಲ್ಲಿ ಎರಡು ಸಲ ಬೊಬ್ಬೆ ಎದ್ದಿತು.

"ಬಿಟ್ಟಾಕು ಲೇ, ಕೈ ಯಾಕೆ ಸುಟ್ಕಂತೀಯ?" ಎಂದು ರಾಮಕ್ಕ ಬೈದಳು. ಶಶಿರೇಖಾ ತಲೆಯಾಡಿಸಿ, ಅಂಗಡಿಯಿಂದ ಮನೆಗೆ ಕೇಳಿ ತಂದಿದ್ದ ಬೆಸುಗೆ ಕಡ್ಡಿಯನ್ನು ಮತ್ತೆ ಎತ್ತಿಕೊಂಡಳು.

ಮೂರು ತಿಂಗಳಿಗೆ ದೀಪ ಸಿದ್ಧವಾಯಿತು. ಕೆಟ್ಟ ಸೋಲಾರ್ ಲಾಂದ್ರದ ಫಲಕ, ಅದರದೇ ಚಾರ್ಜ್ ಆಗುವ ಸೆಲ್ಲುಗಳು, ಹಳೆಯ ಮಿಕ್ಸಿಯ ವೈರು. ಪಕ್ಕದ ಮನೆಯ ಯಲ್ಲಮ್ಮ ಬಾಗಿಲ ಹೊರಗೆ ಕೂರಿಸಿದ್ದ ಸ್ವಿಚ್ಚಿನ ಗುಂಡಿ ಒತ್ತಿದಳು. ಗೋಡೆಯ ಮೇಲೆ ದೀಪ ಚೆನ್ನಾಗಿಯೇ ಹತ್ತಿತು. ರಾಮಕ್ಕ ಅದಕ್ಕೆ ಬೆನ್ನು ಹಾಕಿ ಮಂಚದ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ನೋಡಲೇ ಇಲ್ಲ.

ಕಣ್ಣಿಗೆ ಬೀಳದಿದ್ದರೆ ಮೈಗೆ ತಾಗಬೇಕು ಎಂದುಕೊಂಡಳು ಶಶಿರೇಖಾ. ನಂಗವಳ್ಳಿ ಬಸ್ಸು ಹತ್ತಿದಳು. ಮುರಿದ ಆಟಿಕೆ ಕಾರಿನ ಮೋಟರು ತಂದು, ಅದರ ಅಚ್ಚಿಗೆ ಒಂದೇ ಪಕ್ಕಕ್ಕೆ ಭಾರವಾಗುವಂತೆ ನಟ್ಟು ಅಂಟಿಸಿದಳು. ತಿರುಗಿಸಿದರೆ ಅಂಗೈಯಲ್ಲಿ ಗಡಗಡ ನಡುಗಿತು. ಅದನ್ನು ದೀಪದ ವೈರಿಗೇ ಜೋಡಿಸಿ, ಮಂಚದ ಪಟ್ಟಿಗೆ ಬಿಗಿದು ಕಟ್ಟಿದಳು.

ಯಲ್ಲಮ್ಮ ಮತ್ತೆ ಒತ್ತಿದಳು. "ಅಯ್ಯಯ್ಯೋ, ಭೂಮಿ ನಡುಗ್ತಾ ಐತೆ!" ಎಂದು ರಾಮಕ್ಕ ಕಡಲೆಕಾಯಿ ಚೆಲ್ಲಿ ಎದ್ದಳು, ಚಿಲಕ ತೆಗೆದು ಅಂಗಳಕ್ಕೇ ಓಡಿದಳು. ಎದುರಿಗೆ ನಗುತ್ತಿದ್ದ ಯಲ್ಲಮ್ಮನನ್ನು ಕಂಡು ವಿಷಯ ಅರ್ಥವಾಯಿತು. "ನಮ್ಮಣ್ಣನ್ಗೆ ಪೋನ್ ಮಾಡು. ಬರಾಕೆ ಏಳು," ಅಂದಳು ಸೊಸೆಗೆ. ಮುಂದಿನ ವಾರ ಬಂದ ದೊಡ್ಡಣ್ಣ, ಬಾಗಿಲು ತೆರೆದ ಮೇಲೂ ಖುಷಿಗೆ ಮೂರು ಸಲ ಗುಂಡಿ ಒತ್ತಿದ.

ಕಾರ್ತಿಕದ ಮೋಡಕ್ಕೆ ಚಾರ್ಜು ಸಾಲದೆ ಮೋಟರು ಸೊರಗಿತು. ಶಶಿರೇಖಾ ಗುಜರಿಯಿಂದಲೇ ಇನ್ನೊಂದು ಫಲಕ ಹುಡುಕಿ ಜೋಡಿಸಿದಳು. ಅಷ್ಟರಲ್ಲಿ ಯಲ್ಲಮ್ಮ ಹತ್ತದ ಟಾರ್ಚೊಂದನ್ನು ತಂದಿಟ್ಟು, "ಇದನ್ನ ಎಸೆಯಾನಾ?" ಎಂದು ಕೇಳಿದಳು.

"ಇಟ್ಟೋಗು, ಬಿಚ್ಚಿ ನೋಡ್ತೀನಿ."

ಆವತ್ತು ಅದು ಹತ್ತಲಿಲ್ಲ. ಮರುದಿನ ಕುರಿಗಳಿಗೆ ನೀರು ಕುಡಿಸಿ ಬಂದು, ಅವಳು ಮತ್ತೆ ಬಿಚ್ಚಿದಳು.