ಶಂಕ್ರಮ್ಮನವರ ಕೋಣೆಗೆ ಸುಣ್ಣ ಬಳಿದ ಅಂಜಿನಮ್ಮ

ಬೆಳಗಿನ ಆರು ಗಂಟೆ. ಚನ್ನಗಿರಿಯ ಬಟ್ಟೆ ವ್ಯಾಪಾರಿ ಕೊಟ್ರಬಸಪ್ಪನವರ ಹಿತ್ತಲಲ್ಲಿ ಅಂಜಿನಮ್ಮ ಸೆರಗನ್ನು ಮೂಗಿನ ತನಕ ಬಿಗಿದುಕೊಂಡು, ಸುಟ್ಟ ಸುಣ್ಣದ ಕಲ್ಲು ತುಂಬಿದ ಡ್ರಮ್ಮಿಗೆ ನೀರು ಸುರಿಯುತ್ತಾರೆ. ಸುರಿದವರೇ ಮುಖ ತಿರುಗಿಸಿ ದೂರ ಓಡುತ್ತಾರೆ. ಬೆನ್ನ ಹಿಂದೆ ಸುಣ್ಣ ಕೊತಕೊತ ಕುದಿಯುತ್ತದೆ. ಅದು ತಣ್ಣಗಾಗುವವರೆಗೂ ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಬೇಲಿಯ ಹತ್ತಿರ ನಿಂತಿರುತ್ತಾರೆ. ಬಲಗಣ್ಣು ಮುಚ್ಚಿಕೊಳ್ಳುವ ಅಗತ್ಯ ಅವರಿಗಿಲ್ಲ.

“ಇಪ್ಪತ್ತೆಂಟು ವರ್ಷ ಆತ್ರಿ ಈ ಕೆಲಸಕ್ಕೆ. ದಿನಾ ಹೆದರಿಕೆನೇ. ಇರೋ ಒಂದು ಕಣ್ಣೂ ಹೋದ್ರೆ ಹೆಂಗೆ ಹೇಳ್ರಿ?” ಎನ್ನುತ್ತಾರೆ.

ಕೆರೆಬಿಳಚಿಯ ಅಂಜಿನಮ್ಮನಿಗೆ ಈಗ ನಲವತ್ತೈದು. ತಾಯಿ ಗಾದ್ರಮ್ಮನ ಜೊತೆ ಸುಣ್ಣದ ಬುಟ್ಟಿ ಹೊತ್ತು ಕಲಿತ ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿ ಕರೆದರೂ ಗಂಡ ಓಬಣ್ಣನೊಡನೆ ಹೋಗುತ್ತಾರೆ. ದಿನಕ್ಕೆ ಹದಿನೈದು ಬಕೆಟ್ ಸುಣ್ಣ, ಎರಡು ಕೋಣೆ. ೧೯೭೬ರಲ್ಲಿ ಹೊನ್ನಾಳಿಯ ಅಕ್ಕಿ ಗಿರಣಿಯೊಂದರಲ್ಲಿ ಸಿಡಿದ ಸುಣ್ಣ ಬಲಗಣ್ಣನ್ನು ತಿಂದುಹಾಕಿತು. ಅಂದಿನಿಂದ ಏಣಿಯ ಮೆಟ್ಟಿಲು ಎಷ್ಟು ದೂರವಿದೆ ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ಹತ್ತುತ್ತಾರೆ. ಕೆಳಗೆ ಓಬಣ್ಣ ಏಣಿ ಹಿಡಿದಿರುತ್ತಾರೆ.

ಆದರೆ ಈ ಮನೆಯಲ್ಲಿ ಅವರನ್ನು ಕಾಡಿದ ಭಯವೇ ಬೇರೆ.

ಎರಡು ವರ್ಷದ ಹಿಂದೆ, ೧೯೮೧ರಲ್ಲಿ, ಕೊಟ್ರಬಸಪ್ಪ ಮನೆಯನ್ನೆಲ್ಲ ಹೊಸದು ಮಾಡಿಸಿದರು. ನೆಲಕ್ಕೆ ಮೊಸಾಯಿಕ್, ಗೋಡೆಗೆ ಹಸಿರು ಆಯಿಲ್ ಪೇಂಟ್, ಮೇಲೆ ಟ್ಯೂಬ್‌ಲೈಟ್. ಎಂಬತ್ತೊಂದು ವರ್ಷ ವಯಸ್ಸಿನ ಅವರ ತಾಯಿ ಶಂಕ್ರಮ್ಮನಿಗೆ ಅಷ್ಟರಲ್ಲಿ ನೆನಪು ಅಳಿಸುತ್ತಾ ಬಂದಿತ್ತು. ಮಿರುಗುವ ಗೋಡೆಯಲ್ಲಿ ತಮ್ಮದೇ ನೆರಳು ಕಂಡು, ಯಾರೋ ನಿಂತಿದ್ದಾರೆಂದು ಚೀರುತ್ತಿದ್ದರು. ಸಂಜೆಯಾದರೆ ಸೀರೆಗಳ ಗಂಟು ಕಟ್ಟಿಕೊಂಡು ತಲೆಬಾಗಿಲಿಗೆ ಬಂದು, “ನನ್ನ ಮನೆಗೆ ಕಳಿಸ್ರೋ” ಎಂದು ಅಳುತ್ತಿದ್ದರು. ಹೋದ ತಿಂಗಳು ಹಾಗೆ ಹೆದರಿ ಓಡುವಾಗ ಜಾರಿ ಬಿದ್ದರು.

ಆಗ ಕೊಟ್ರಬಸಪ್ಪ ಅಂಜಿನಮ್ಮನನ್ನು ಕರೆಸಿದರು. “ಅವ್ವ ಮದುವೆಯಾಗಿ ಬಂದಾಗ ಅವಳ ಕೋಣೆ ಹೆಂಗಿತ್ತೋ ಹಂಗೇ ಮಾಡಿಕೊಡು ತಾಯಿ” ಎಂದರು.

ಗಾದ್ರಮ್ಮ ಹತ್ತೊಂಬತ್ತು ವರ್ಷ ಇದೇ ಮನೆಗೆ ಸುಣ್ಣ ಬಳಿದವಳು. ಹೊರಗೋಡೆಗೆ ಮಾತ್ರ. ಹೊಸ್ತಿಲು ದಾಟುವಂತಿರಲಿಲ್ಲ, ಕುಡಿಯುವ ನೀರನ್ನೂ ಮೇಲಿನಿಂದಲೇ ಬೊಗಸೆಗೆ ಸುರಿಯುತ್ತಿದ್ದರು. ಶಂಕ್ರಮ್ಮ ಈಗ ಬದುಕುತ್ತಿರುವುದು ಆ ಕಾಲದಲ್ಲೇ.

“ಕೋಣೆ ಹಳೇದಾದ್ರೆ ಅಮ್ಮೋರೂ ಹಳೇ ಅಮ್ಮೋರೇ ಆಗ್ತಾರೆ. ನನ್ನ ಒಳಗೆ ಕಂಡ್ರೆ ಏನಂತಾರೋ ಅಂತ ಎದೆ ಡವಡವ ಅಂತಿತ್ತು” ಎನ್ನುತ್ತಾರೆ ಅಂಜಿನಮ್ಮ. “ಬ್ಯಾಡ ಅಂತ ನಾನೂ ಅಂದೆ” ಎಂದು ಓಬಣ್ಣ ದನಿಗೂಡಿಸುತ್ತಾರೆ.

ಕೆಲಸ ಹನ್ನೊಂದು ದಿನ ಹಿಡಿಯಿತು. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ತಗಡಿನಿಂದ ಕೆರೆಯುತ್ತಾ ಹೋದರೆ ಹಸಿರಿನ ಕೆಳಗೆ ಹಳದಿ ಡಿಸ್ಟೆಂಪರ್, ಅದರ ಕೆಳಗೆ ನೀಲಿ, ಅದಕ್ಕೂ ಕೆಳಗೆ ಬಿಳಿ. ಆರನೆಯ ದಿನ, ನೆಲದಿಂದ ಮೊಳದೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಕಾಣಿಸಿತು. ಪಟ್ಟಿಯ ಮೇಲೆ ಸುಣ್ಣದಲ್ಲಿ ಬೆರಳಿನಿಂದಲೇ ಎಳೆದ ಒಂದು ಬಳ್ಳಿ. ಒಳಕೋಣೆಯನ್ನು ಸಾರಿಸಿ ಬರೆಯುತ್ತಿದ್ದುದು ಆಗ ಮನೆಯ ಸೊಸೆಯಾಗಿದ್ದ ಶಂಕ್ರಮ್ಮನೇ ಎಂದು ಕೊಟ್ರಬಸಪ್ಪ ನೆನಪಿಸಿಕೊಂಡರು.

ಅಂಜಿನಮ್ಮ ಸುಣ್ಣಕ್ಕೆ ಗಂಜಿ, ಅಂಟು ಬೆರೆಸಿ ಮೂರು ಸಲ ಬಳಿದರು. ಕೆಮ್ಮಣ್ಣಿನ ಪಟ್ಟಿ ಎಳೆದು, ಮೊದಲೇ ಹಿಡಿದಿಟ್ಟಿದ್ದ ಅಳತೆಯಂತೆ ಬಳ್ಳಿಯನ್ನು ಅದೇ ಜಾಗದಲ್ಲಿ ತಮ್ಮ ಬೆರಳಿನಿಂದ ಮತ್ತೆ ಬರೆದರು. ಮುಚ್ಚಿಹೋಗಿದ್ದ ದೀಪದ ಗೂಡನ್ನು ಬಿಡಿಸಿದರು. ಟ್ಯೂಬ್‌ಲೈಟ್ ಇಳಿಯಿತು. ಅಟ್ಟದಿಂದ ಮರದ ಪೆಟ್ಟಿಗೆ, ಹಳೆಯ ಮಂಚ ಬಂದವು. ಮೊಸಾಯಿಕ್ ಮೇಲೆ ಜಮಖಾನ ಹಾಸಿದರು.

ಕಳೆದ ಸೋಮವಾರ ಮಗ ಕೈಹಿಡಿದು ಕರೆತಂದಾಗ ಶಂಕ್ರಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಕಣ್ಣು ಗೋಡೆಗಲ್ಲ, ಮೂಲೆಯಲ್ಲಿ ಕುಂಚ ಹಿಡಿದು ನಿಂತವಳ ಮೇಲೆ ಬಿತ್ತು.

“ಯಾರ ಮಗಳೇ ನೀನು?”

“ಗಾದ್ರಮ್ಮನ ಮಗಳು, ಅಮ್ಮೋರೇ.”

“ಗಾದ್ರಿ ಮಗಳಾ? ಒಳಗೆ ಯಾರು ಬಿಟ್ರು ನಿನ್ನ?”

ಕೊಟ್ರಬಸಪ್ಪ ತಲೆ ತಗ್ಗಿಸಿದರು. ಅಂಜಿನಮ್ಮನಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ.

“ಯಾರೂ ಬಿಡಲಿಲ್ಲ ಅಮ್ಮೋರೇ. ಗೋಡೆ ಒಳಗಿತ್ತು. ಬಳಿಯಾಕೆ ಬಂದೆ.”

ಮುದುಕಿ ಗೋಡೆ ಹಿಡಿದು ನಿಧಾನಕ್ಕೆ ಒಳಗೆ ಬಂದು, ಕೆಳಗೆ ಕುಳಿತು, ಬಳ್ಳಿಯ ಮೇಲೆ ಬೆರಳಾಡಿಸಿದರು. ಒಂದು ಎಲೆಯ ಹತ್ತಿರ ಬೆರಳು ನಿಂತಿತು. “ಇಲ್ಲಿ ಸೊಟ್ಟ ಮಾಡೀಯಲ್ಲೇ” ಎಂದರು.

“ನಿಮ್ಮದೇ ಸೊಟ್ಟ ಇತ್ತು ಅಮ್ಮೋರೇ. ನಾನು ಹಂಗೇ ಬರೆದೆ.”

ಶಂಕ್ರಮ್ಮ ನಕ್ಕರು. ಎರಡು ವರ್ಷದಲ್ಲಿ ಅವ್ವ ನಕ್ಕಿದ್ದನ್ನು ಅಂದೇ ಕಂಡೆ ಎನ್ನುತ್ತಾರೆ ಮಗ.

ಈಗ ಸಂಜೆ ಗಂಟು ಕಟ್ಟುವುದು ನಿಂತಿದೆ. ಹಾಗೆಂದು ಎಲ್ಲವೂ ಸರಿಹೋಗಿಲ್ಲ. ಅಂಜಿನಮ್ಮನನ್ನು ಕಂಡರೆ ಶಂಕ್ರಮ್ಮ ಒಂದು ದಿನ “ಕೂತ್ಕೋ” ಎನ್ನುತ್ತಾರೆ, ಮರುದಿನ “ಹೊರಗೆ ನಡಿ” ಎಂದು ಗದರುತ್ತಾರೆ. ಇವತ್ತು ಯಾವುದೋ ಎಂಬ ಅಳುಕಿನಲ್ಲೇ ಅಂಜಿನಮ್ಮ ದಿನವೂ ಹೊಸ್ತಿಲು ದಾಟುತ್ತಾರೆ.

ಕೊಟ್ರಬಸಪ್ಪ ಈಗ ಪಡಸಾಲೆಯನ್ನೂ ಒಪ್ಪಿಸಿದ್ದಾರೆ. ಅದರ ಹಳೆಯ ಗೋಡೆ ಕೆಡವಿ ಇಟ್ಟಿಗೆಯದು ಕಟ್ಟಿರುವುದರಿಂದ ಕೆರೆದರೂ ಅಡಿಯಲ್ಲಿ ಯಾರ ಕೈಯ ಬಳ್ಳಿಯೂ ಇಲ್ಲ. ಕೊಟ್ರಬಸಪ್ಪನವರಲ್ಲಿ ಅಂಜಿನಮ್ಮ ಒಂದೇ ಮಾತು ಕೇಳಿಕೊಂಡಿದ್ದಾರೆ.

“ಬಾಗಿಲ ಪಕ್ಕ ಒಂದು ಮಾರು ಜಾಗ ಬಿಟ್ಟುಕೊಡ್ರಿ ಅಂದೀನಿ. ಯಾರದ್ದೂ ನೋಡಿ ಬರೆಯಲ್ಲ, ನನ್ನದೇ ಬರೀತೀನಿ. ಏನು ಬರೀಬೇಕು ಅಂತ ಇನ್ನೂ ಗೊತ್ತಿಲ್ಲ ನೋಡ್ರಿ. ಸೊಟ್ಟ ಆದ್ರೂ ಆಗ್ಲಿ.”