ಕೊಂಡಗುರಿಯ ಕೂಗು

ನವಣೆ ಹೊಟ್ಟಿನ ವಾಸನೆ ಬಂದರೆ ಇಂದಿಗೂ ಮಕ್ತಲದ ನಮ್ಮಜ್ಜನ ಮನೆ ನೆನಪಾಗುತ್ತದೆ, ಅದರ ಬೆನ್ನಿಗೇ ನಾಚಿಕೆಯೂ ಬರುತ್ತದೆ. ತೆಲಂಗಾಣ ಬೇರೆ ರಾಜ್ಯವಾದ ವರ್ಷದ ಬೇಸಿಗೆ ಅದು. ದೊಡ್ಡವರು ಕಟ್ಟೆಯ ಮೇಲೆ ಹೊಸ ರಾಜ್ಯದ ಮಾತಾಡುತ್ತಿದ್ದರೆ, ನನಗೂ ಅತ್ತೆಯ ಮಗಳು ರೇಣುಕಾಳಿಗೂ ಬೇರೆಯದೇ ಜಗಳ. ಅವಳಪ್ಪ ಹೈದರಾಬಾದಿನಿಂದ ಒಂದು ಜಾವಾ ಗುಬ್ಬಿ ತಂದುಕೊಟ್ಟಿದ್ದರು. ಬೂದು ಮೈ, ಬಿಳಿ ಕೆನ್ನೆ, ಕೆಂಪು ಕೊಕ್ಕು; ಸಮುದ್ರದಾಚೆಯ ದ್ವೀಪದಿಂದ ಬಂದದ್ದಂತೆ. ನವಣೆ ತಿಂದು ದಿನವಿಡೀ ಹಾಡುತ್ತಿತ್ತು. ಪಂಜರದ ಬಾಗಿಲು ತೆರೆದಿಟ್ಟರೂ ಹೊರಗೆ ಬರುತ್ತಿರಲಿಲ್ಲ. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ರೇಣುಕಾ ಮೆರೆಯುತ್ತಿದ್ದಳು. ನನ್ನ ಪಾಲಿಗಿದ್ದದ್ದು ಕೊಂಡಗುರಿಯ ಮರಿ; ಪುಟ್ಟ ಜಿಂಕೆಯಂಥ, ನಾಲ್ಕು ಕೊಂಬು ಬರುವ ಕಾಡುಪ್ರಾಣಿ ಅದು. ಕುರಿ ಮೇಯಿಸಲು ಕೃಷ್ಣೆಯಾಚೆಯ ಕಾಡಿಗೆ ಹೋಗಿದ್ದ ಅಜ್ಜ, ಸತ್ತ ತಾಯಿಯ ಪಕ್ಕದಿಂದ ಅದನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಕಡ್ಡಿಯಂಥ ಕಾಲು. ನೆರಳು ಅಲುಗಿದರೂ ಬೆಚ್ಚುತ್ತಿತ್ತು, ಆದರೆ ಸದ್ದೇ ಇಲ್ಲ.

"ನಂದು ಹಾಡ್ತೈತಿ. ನಿಂದು ಮೂಗಿ," ಎಂದಳು ರೇಣುಕಾ.

ಉಣ್ಣೆ ಕೊಡಲು ಗದ್ವಾಲಿಗೆ ಹೊರಟ ಅಜ್ಜ ನನ್ನನ್ನು ಕರೆದು, "ಹೆಸರಿನಾಗ ಕುರಿ ಐತಿ, ಅದು ಕುರಿ ಅಲ್ಲವ್ವಾ. ಒಂಟಿ ಜೀವ. ಹಟ್ಟ್ಯಾಗ ಬಿಡಬ್ಯಾಡ. ನಾಳಿ ಬಂದು ಗುಡ್ಡಕ್ಕ ಬಿಡ್ತೀನಿ," ಅಂದ. ನಾನು ತಲೆಯಾಡಿಸಿದೆ. ಆದರೆ ಮೂಗಿ ಅನ್ನುವ ಮಾತು ಚುಚ್ಚುತ್ತಲೇ ಇತ್ತು. ಕುರಿಗಳ ಜೊತೆ ಇದ್ದರೆ ಅರಚುವುದನ್ನಾದರೂ ಕಲಿತೀತು ಎಂದು ಮರುದಿನ ಬೆಳಿಗ್ಗೆ ಅದನ್ನು ಕುರಿಹಟ್ಟಿಗೆ ನೂಕಿ ಬಾಗಿಲು ಹಾಕಿದೆ. ಎಂಥ ಬುದ್ಧಿ ನನ್ನದು! ಕುರಿಗಳು ಬೆದರಿ ಒತ್ತರಿಸಿದವು. ಮರಿ ಹಾರಿತು, ಕಲ್ಲಿನ ಗೋಡೆಗೆ ಬಡಿಯಿತು, ಮತ್ತೆ ಹಾರಿತು. ಆಗ ಮೊದಲ ಸಲ ಅದರ ಗಂಟಲಿನಿಂದ ಸಣ್ಣನೆಯ, ಎಳೆದ ದನಿ ಬಂತು.

"ರೇಣುಕಾ, ಬಾರೇ, ನಂದೂ ಹಾಡಾಕತ್ತೈತಿ!" ಎಂದು ನಾನು ಚಪ್ಪಾಳೆ ತಟ್ಟಿ ಕುಣಿದೆ.

ಅವಳು ಓಡಿ ಬರುವಷ್ಟರಲ್ಲಿ ಮರಿ ಗೋಡೆಯ ಬುಡದಲ್ಲಿ ಕತ್ತು ವಾರೆಯಾಗಿ ಬಿದ್ದಿತ್ತು. ಇಬ್ಬರೂ ಸೇರಿ ಅದನ್ನು ಹಿತ್ತಿಲಲ್ಲಿ, ಅಜ್ಜ ಕಟ್ಟಿಹೋಗಿದ್ದ ಜಾಗದಲ್ಲೇ ಮಲಗಿಸಿದೆವು. ರೇಣುಕಾ ಯಾರಿಗೂ ಹೇಳಲಿಲ್ಲ.

ಸಂಜೆ ಬಂದ ಅಜ್ಜ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ. "ನಿನ್ನೇನ ಗುಡ್ಡಕ್ಕ ಬಿಟ್ಟ ಹೋಗಬೇಕಿತ್ತು. ನಂದೇ ತಪ್ಪಾತು," ಅಂದ. ಆಮೇಲೆ ನನ್ನ ಕಡೆ ತಿರುಗಿ, "ಕೂಗಿತೇನವ್ವಾ?" ಎಂದು ಕೇಳಿದ.

"ಇಲ್ಲಜ್ಜಾ. ಸುಮ್ಮನ ಮಲಗಿತ್ತು."

"ನರಳದ ಹೋತಲ್ಲ, ಅಷ್ಟರ ಪುಣ್ಯ ಮಾಡಿತ್ತು ಬಿಡು," ಎಂದು ನನ್ನ ತಲೆ ಸವರಿದ.

ಆ ಮನೆ ಈಗಿಲ್ಲ. ಹಟ್ಟಿಯ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಅಜ್ಜನೂ ಇಲ್ಲ. ಆ ತಪ್ಪನ್ನು ತನ್ನದೆಂದುಕೊಂಡೇ ಅವನು ಹೋದ.